ಮಂಜುಗಣ್ಣನಿಗೆ ಸರೋವರ ತೋರಿಸಿದ ದೇಕಬ್ಬೆ

ಮೋಡಗಳು ಬೆಟ್ಟದ ಹೆಗಲ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಿದ್ದ ಬಹು ಹಿಂದಿನ ಕಾಲದಲ್ಲಿ, ತುಷಾರನಾಡು ಎಂಬ ರಾಜ್ಯವಿತ್ತು. ಆ ರಾಜ್ಯದ ನೆತ್ತಿಯಲ್ಲಿ, ಹಿಮ ಹೊದ್ದ ಶಿಖರಗಳ ನಡುವೆ, ಅಂಬರಸರವೆಂಬ ಸರೋವರವಿತ್ತು. ಅದರ ನೀರು ಬೆಳಗ್ಗೆ ಹಾಲಿನಂತೆ, ನಡುಹಗಲು ನೀಲಮಣಿಯಂತೆ, ಸಂಜೆ ಕುಂಕುಮದಂತೆ ತೋರುತ್ತಿತ್ತು.

ಸರೋವರವನ್ನೂ ಅದರ ಸುತ್ತಲಿನ ಕಾಡನ್ನೂ ಹಿಂದಿನ ಅರಸನೊಬ್ಬನು ಅಭಯವನವೆಂದು ಸಾರಿ, ಹೆಬ್ಬಾಗಿಲ ಬಂಡೆಯಲ್ಲಿ ಹೀಗೆ ಕೆತ್ತಿಸಿದ್ದನು: "ಇಲ್ಲಿ ಕೊಡಲಿ ಏಳದಿರಲಿ, ಬಾಣ ಹಾರದಿರಲಿ. ಬಂದವರು ಹರಿಗೋಲಿನಲ್ಲಿ ತೇಲಲಿ, ಶಿಖರವನ್ನೇರಲಿ, ಬಿಸಿನೀರ ಬುಗ್ಗೆಯಲ್ಲಿ ಮೀಯಲಿ. ಕಣ್ತುಂಬ ನೋಡಿ ಬರಿಗೈಯಲ್ಲಿ ಹಿಂದಿರುಗಲಿ."

ಬಂದವರನ್ನು ಕರೆದೊಯ್ದು ತೋರಿಸಿ ಕರೆತರುವ ಮನೆತನಗಳಿದ್ದವು. ಅವರಿಗೆ ದಾರಿಗರೆಂದು ಹೆಸರು. ದಾರಿಗರಲ್ಲಿ ಒಂದು ಕಟ್ಟುನಿಟ್ಟಿನ ನಡೆ ಇತ್ತು. ಅತಿಥಿಯು ಬೆಟ್ಟವನ್ನೋ ನೀರನ್ನೋ ನೋಡುತ್ತಿರುವಾಗ ದಾರಿಗನು ಅತಿಥಿಯ ಪಾದವನ್ನು ನೋಡುತ್ತಿರಬೇಕು. ನೋಟದಲ್ಲಿ ಮೈಮರೆತವನ ಕಾಲು ಎಲ್ಲಿ ಜಾರೀತೆಂದು ಯಾರು ಬಲ್ಲರು? ಹೀಗಾಗಿ ನೂರು ಬಾರಿ ಶಿಖರವೇರಿದ ದಾರಿಗನೂ ಶಿಖರದಿಂದ ಏನು ಕಾಣುತ್ತದೆಂಬುದನ್ನು ಅರಿಯದೆ ಮುದುಕನಾಗುವುದುಂಟು.

ದಾರಿಗರ ಹಿರಿಯನು ಮಾಚಯ್ಯ. ಅವನ ಒಬ್ಬಳೇ ಮಗಳು ದೇಕಬ್ಬೆ. ತಾಯಿಯಿಲ್ಲದ ಆ ಮಗಳಿಗೆ ಇಪ್ಪತ್ತೆರಡರ ಪ್ರಾಯ. ಹರಿಗೋಲನ್ನು ಹುಟ್ಟಿನ ಒಂದೇ ಸೆಳೆತಕ್ಕೆ ತಿರುಗಿಸುವ ತೋಳು.

ಹೀಗಿರಲು, ಮಂಜುಗಣ್ಣನೆಂಬ ಮಾಯಾವಿಯೊಬ್ಬನು ಆ ಸೀಮೆಗೆ ಬಂದನು. ಅರವತ್ತು ವರ್ಷ ಗುಹೆಯಲ್ಲಿ ಕುಳಿತು ಅರವತ್ತು ಮಾಯಾವಿದ್ಯೆಗಳನ್ನು ಕಲಿತವನು ಅವನು. ಕತ್ತಲಲ್ಲೇ ಕಳೆದುದರಿಂದ ಅವನ ಕಣ್ಣುಗಳಲ್ಲಿ ಬಿಳಿಯ ಮಂಜು ತುಂಬಿತ್ತು. ಸಂತೆಯಲ್ಲಿ ಕಲ್ಲನ್ನು ಕೋಣ ಮಾಡಿದನು, ಜನ ಓಡಿದರು. ಕೋಣವನ್ನು ಹೊಗೆ ಮಾಡಿದನು, ಜನ ಕೆಮ್ಮಿದರು. ಒಬ್ಬನಾದರೂ 'ಆಹಾ' ಎನ್ನಲಿಲ್ಲ. ಆದರೆ ಅಂಬರಸರದ ದಡದಿಂದ ದಿನವೂ 'ಆಹಾ, ಆಹಾ' ಎಂಬ ಉದ್ಗಾರ ಕೇಳಿಬರುತ್ತಿತ್ತು.

"ಒಂದು ನೀರಿನ ಗುಂಡಿಗೆ ಇಷ್ಟು ಮರ್ಯಾದೆಯೇ!" ಎಂದು ಅವನು ಹೊಟ್ಟೆ ಉರಿದುಕೊಂಡು ಮಂತ್ರದಂಡವನ್ನು ಬೀಸಿದನು. ದಟ್ಟ ಮಂಜು ಇಳಿದು ಸರೋವರವನ್ನೂ ಶಿಖರಗಳನ್ನೂ ಮುಚ್ಚಿತು. ಆ ಗಳಿಗೆಯಲ್ಲಿ ನಡುನೀರಿನಲ್ಲಿದ್ದ ಮಾಚಯ್ಯನೂ ಅವನ ಹರಿಗೋಲಿನಲ್ಲಿದ್ದ ಎಂಟು ಮಂದಿ ಅತಿಥಿಗಳೂ ಇದ್ದಂತೆಯೇ ಕಲ್ಲಾಗಿ ಹೋದರು.

ತುಷಾರನಾಡಿನ ಶೀತಳಸೇನ ಮಹಾರಾಜನು ಮೂವರು ದಳಪತಿಗಳನ್ನು ಒಬ್ಬರ ಹಿಂದೊಬ್ಬರಂತೆ ಕಳುಹಿಸಿದನು. ಅವರು ಮಂಜುಗಣ್ಣನು ಕಾವಲಿಗಿಟ್ಟಿದ್ದ ಮಾಯಾಮೃಗಗಳ ಮೇಲೆ ಕತ್ತಿ ಎತ್ತಿದರು. ಎತ್ತಿದ ಕೈ ಎತ್ತಿದಂತೆಯೇ ಕಲ್ಲಾದರು. ಹೀಗೆ ಒಂದು ವರ್ಷ ಕಳೆಯಿತು.

ಒಂದು ಮುಂಜಾನೆ ದೇಕಬ್ಬೆ ಬರಿಗೈಯಲ್ಲಿ ದಡಕ್ಕೆ ನಡೆದಳು. ಮಂಜುಗಣ್ಣನು ಬಂಡೆಯ ಮೇಲೆ ಕುಳಿತಿದ್ದನು.

"ಎಲೆ ಹುಡುಗಿ, ಕತ್ತಿಯೆಲ್ಲಿ? ಮರೆತು ಬಂದೆಯಾ?"

"ನಾನು ದಾರಿಗಿತ್ತಿ, ಅಯ್ಯಾ, ನೀವು ಕಲ್ಲಾಗಿಸಿದ ದಾರಿಗನ ಮಗಳು. ಹುಟ್ಟು ಹಿಡಿದು ಗೊತ್ತು, ಕತ್ತಿ ಹಿಡಿದು ಗೊತ್ತಿಲ್ಲ. ಒಂದು ಮಾತು ಕೇಳಲೇ? ನೀವು ವಶಮಾಡಿಕೊಂಡ ಈ ಸರೋವರವನ್ನು ಒಮ್ಮೆಯಾದರೂ ನೋಡಿದ್ದೀರಾ?"

"ನೋಡಲು ಅಲ್ಲಿ ಏನಿದೆ?"

"ಬನ್ನಿ, ತೋರಿಸುತ್ತೇನೆ. ಸರೋವರ, ಹಂಸಶೃಂಗವೆಂಬ ಶಿಖರ, ಬಿಸಿನೀರ ಬುಗ್ಗೆ. ಸೂರ್ಯ ಮುಳುಗುವುದರೊಳಗೆ ಇದೇ ದಡಕ್ಕೆ ಕ್ಷೇಮವಾಗಿ ತಂದುಬಿಡುತ್ತೇನೆ."

ಮಂಜುಗಣ್ಣನು ಗಹಗಹಿಸಿ ನಕ್ಕನು. ಅರವತ್ತು ವಿದ್ಯೆಗಳ ಒಡೆಯನನ್ನು ಒಂದು ಹೆಣ್ಣು ಕ್ಷೇಮವಾಗಿ ತರುವುದೇ! ಆದರೂ ಆ ಮಾತು ಅವನಿಗೆ ಹೊಸದು. ದಂಡವನ್ನು ನೆಲಕ್ಕೆ ಕುಟ್ಟಿ ನುಡಿದನು: "ಆಗಲಿ. ಮೂರು ನೋಟಗಳಲ್ಲಿ ಒಂದಾದರೂ ನನ್ನನ್ನು ತಡೆದು ನಿಲ್ಲಿಸಿತೆಂದು ನನ್ನ ಬಾಯಿಂದಲೇ ಬಂದರೆ, ನನ್ನ ಮಾಯೆಯೆಲ್ಲ ಅಳಿಯಲಿ. ಬಾರದೆ ಹೋದರೆ ನೀನೂ ನಿನ್ನ ಅಪ್ಪನ ಪಕ್ಕದಲ್ಲಿ ಕಲ್ಲಾಗಿ ನಿಲ್ಲು. ಈ ಕಾಡಿಗೆ ನಾನೇ ಕೊಡಲಿ ಹಾಕಿಸುತ್ತೇನೆ. ಮತ್ತೆ, ನನ್ನ ಮೃಗಗಳು ದಾರಿಯಲ್ಲಿ ಸುಮ್ಮನಿರುವವಲ್ಲ, ತಿಳಿಯಿತೇ?"

"ತಿಳಿಯಿತು. ಆದರೆ ಮುಸುಕು ಹಾಕಿದ್ದನ್ನು ತೋರಿಸುವುದು ಹೇಗೆ? ಇವತ್ತಿನ ಮಟ್ಟಿಗೆ ಮಂಜು ಸರಿಸಿರಿ."

ಅವನು ದಂಡವೆತ್ತಿದನು. ಮಂಜು ಸರಿಯಿತು. ನಡುನೀರಿನಲ್ಲಿ ಕಲ್ಲಿನ ಹರಿಗೋಲು ಕಂಡಿತು. ಮಾಚಯ್ಯನ ತಲೆಯ ಮೇಲೊಂದು ನೀರುಕಾಗೆ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ದೇಕಬ್ಬೆ ದಡದಲ್ಲಿದ್ದ ತನ್ನ ಹರಿಗೋಲನ್ನು ನೀರಿಗೆ ತಳ್ಳಿದಳು. ಅವಳು ತಲೆ ತಗ್ಗಿಸಿ, "ಎಡಗಾಲು ಮೊದಲು ಇಡಿ, ಅಯ್ಯಾ, ಹರಿಗೋಲು ಅಲುಗುತ್ತದೆ" ಎಂದಳು.

ಮೊದಲನೆಯದು ಸರೋವರ. ಅರ್ಧ ದಾರಿ ತೇಲಿದ್ದಾಗ ನೀರಡಿಯಿಂದ ಆನೆಯಷ್ಟು ದೊಡ್ಡ ನೀರುನಾಯಿ ಎದ್ದಿತು. ಹರಿಗೋಲಿನ ಸುತ್ತ ಬಿರುಸಾಗಿ ಈಜಿ ಸುಳಿಯೆಬ್ಬಿಸಿತು. ದೇಕಬ್ಬೆ ಹುಟ್ಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಹುಟ್ಟು ಹಾಕೆ, ಮೂಢೆ! ಮುಳುಗುತ್ತೇವೆ!" ಎಂದು ಮಂಜುಗಣ್ಣನು ಅರಚಿದನು.

"ನಾಯಿ ನಿಮ್ಮದೇ ಅಲ್ಲವೇ, ನೀವೇಕೆ ಹೆದರುತ್ತೀರಿ? ಹರಿಗೋಲು ದುಂಡಗಿದೆ. ಸುಳಿ ಸುತ್ತಿದರೆ ತಾನೂ ಸುತ್ತುತ್ತದೆ. ಎದುರು ಹುಟ್ಟು ಹಾಕಿದರೆ ಮಗುಚುತ್ತದೆ. ಸುಮ್ಮನೆ ಕುಳಿತಿರಿ."

ಹರಿಗೋಲು ಬುಗುರಿಯಂತೆ ಸುತ್ತಿತು. ನೀರುನಾಯಿಯೂ ಸುತ್ತಿ ಸುತ್ತಿ, ಕಡೆಗೆ ತನಗೇ ತಲೆ ತಿರುಗಿ, ಹೊಟ್ಟೆ ಮೇಲಾಗಿ ತೇಲುತ್ತ ಮಲಗಿತು. ಆ ಬಳಿಕ ಸರೋವರ ಕನ್ನಡಿಯಂತೆ ನಿಂತಿತು. ಮಂಜುಗಣ್ಣನು ಅಂಚಿನಾಚೆ ಕಾಲು ಇಳಿಬಿಟ್ಟಿದ್ದನು. ಆಚೆ ದಡ ಮುಟ್ಟುವವರೆಗೂ ಆ ಕಾಲನ್ನು ಅವನು ನೀರಿನಿಂದ ತೆಗೆಯಲಿಲ್ಲ. ದೇಕಬ್ಬೆ ಅದನ್ನು ಕಂಡಳು.

"ಹೇಗಿತ್ತು, ಅಯ್ಯಾ?"

"ನೀರು," ಎಂದನು ಮಂಜುಗಣ್ಣ. "ನಮ್ಮ ಗುಹೆಯ ಮಡಕೆಯಲ್ಲೂ ಇತ್ತು."

ಎರಡನೆಯದು ಹಂಸಶೃಂಗ. ಏರುದಾರಿಯಲ್ಲಿ ದೇವದಾರುಗಳು ಕಳೆದು ಹುಲ್ಲು ಬಂದಿತು. ಹುಲ್ಲು ಕಳೆದು ಹಿಮ ಬಂದಿತು. ಏದುಸಿರು ಬಿಡುತ್ತಿದ್ದ ಮಾಯಾವಿಗೆ ಸರಿಯಾಗಿ ಅವಳು ಹೆಜ್ಜೆಯಿಟ್ಟಳು. ಅವನು ನಿಂತಲ್ಲಿ ತಾನೂ ನಿಂತಳು.

"ನನಗಾಗಿ ನಿಲ್ಲಬೇಡ, ನನಗೇನೂ ದಣಿವಿಲ್ಲ" ಎಂದನು ಅವನು.

"ನನಗೇ ದಣಿವು, ಅಯ್ಯಾ" ಎಂದಳು ಅವಳು. ಅವಳಿಗೆ ದಣಿವಿರಲಿಲ್ಲ.

ಕಡೆಯ ಚೂಪಾದ ಬೆಟ್ಟದಂಚಿನ ಮೇಲೆ ಗಂಡಭೇರುಂಡ ಪಕ್ಷಿ ಎರಗಿತು. ಎರಡು ಕೊಕ್ಕು, ಎರಡು ಕೂಗು. ರೆಕ್ಕೆ ಬಡಿದರೆ ಬಂಡೆಗಳು ಉರುಳಿದವು. ದೇಕಬ್ಬೆ ಸೊಂಟದ ಹಗ್ಗದ ಒಂದು ತುದಿಯನ್ನು ಅವನ ನಡುವಿಗೆ ಬಿಗಿದು, "ಹೊಟ್ಟೆಯ ಮೇಲೆ ಮಲಗಿರಿ" ಎಂದಳು.

"ಅರವತ್ತು ವಿದ್ಯೆಗಳ ಒಡೆಯ ಹೊಟ್ಟೆಯ ಮೇಲೆ ತೆವಳುವುದೇ?"

"ಗಾಳಿಗೆ ನಿಮ್ಮ ವಿದ್ಯೆಗಳ ಲೆಕ್ಕ ಗೊತ್ತಿಲ್ಲವಲ್ಲ. ಮಲಗಿರಿ!"

ಅರಸರೂ ಹಾಗೆ ಅವನನ್ನು ಗದರಿರಲಿಲ್ಲ. ಅವನು ಮಲಗಿದನು. ನೆಲಕ್ಕೆ ಅಂಟಿ ತೆವಳುವವರ ಮೇಲಿಂದ ರೆಕ್ಕೆಗಾಳಿ ಬರಿದೆ ಹಾದುಹೋಯಿತು. ಬಲಗಡೆಯ ತಲೆ ಬಲಕ್ಕೆ ಹಾರೋಣವೆಂದಿತು, ಎಡಗಡೆಯದು ಎಡಕ್ಕೆಂದಿತು; ಎರಡೂ ಜಗಳವಾಡುತ್ತಿರಲು ಪಕ್ಷಿಯು ಕಣಿವೆಯಾಚೆ ಹೋಯಿತು. ಮಂಜುಗಣ್ಣನು ಶಿಖರದಲ್ಲಿ ಎದ್ದು ನಿಂತನು. ಅವನ ಹಿಮ್ಮಡಿಗಳು ಹಿಮದಿಂದ ಮೇಲೆದ್ದವು. ಬೆರಳತುದಿಯ ಮೇಲೆ ಬಹಳ ಹೊತ್ತು ನಿಂತಿದ್ದನು. ಅವನ ಬೆನ್ನಿಗೆ ಒಂದು ಮೊಳದ ದೂರದಲ್ಲಿ, ಹಗ್ಗವನ್ನು ಕೈಗೆ ಸುತ್ತಿಕೊಂಡು, ದೇಕಬ್ಬೆ ಆ ಹಿಮ್ಮಡಿಗಳನ್ನೇ ನೋಡುತ್ತಿದ್ದಳು.

"ಹೇಗಿತ್ತು, ಅಯ್ಯಾ?"

"ಕಲ್ಲು," ಎಂದನು ಮಂಜುಗಣ್ಣ. "ಕೆಳಗೂ ಕಲ್ಲೇ, ಮೇಲೂ ಕಲ್ಲೇ."

ಮೂರನೆಯದು ಬಿಸಿನೀರ ಬುಗ್ಗೆ. ಹಿಮದ ಕಣಿವೆಯ ನಡುವೆ ಹಸಿರು ಹಾವಸೆಯ ಕೊಳ; ಅದರಿಂದ ಆವಿ ಏಳುತ್ತಿತ್ತು. ಹೊರಹೋಗುವ ಒಂದೇ ದಾರಿಗೆ ಅಡ್ಡವಾಗಿ ಬಿಳಿಯ ಹುಲಿಯೊಂದು ಮಲಗಿತ್ತು. ಉಸಿರಿನಲ್ಲಿ ಕಿಡಿಗಳು ಹಾರುತ್ತಿದ್ದವು. ಸೂರ್ಯನು ಪಡುವಣಕ್ಕೆ ಮುಕ್ಕಾಲು ಪಾಲು ಇಳಿದಿದ್ದನು.

ದೇಕಬ್ಬೆ ಕೊಳದ ಅಂಚಿನಲ್ಲಿ ಕುಳಿತುಬಿಟ್ಟಳು.

"ಕುಳಿತೆಯೇಕೆ? ಹೊತ್ತು ಮುಳುಗುತ್ತದೆ! ಕಲ್ಲು ತೂರು, ಬೆಂಕಿ ಹಚ್ಚು, ಏನಾದರೂ ಮಾಡು!"

"ಈ ಕಾಡಿನಲ್ಲಿ ದಾರಿಯ ಮೇಲಿನ ಹಕ್ಕು ಮೃಗಕ್ಕೆ ಮೊದಲು, ಅಯ್ಯಾ. ನಾವು ನೋಡಲು ಬಂದವರು. ಅದು ಏಳುವವರೆಗೆ ಕಾಯಬೇಕು. ನಿಮ್ಮ ಕಾಲು ನೀಲಿಗಟ್ಟಿದೆ; ನೀರಿನಲ್ಲಿ ಇಡಿ."

"ಕಾದು ಸೋತರೆ ನೀನು ಕಲ್ಲಾಗುತ್ತೀಯೆ, ನಾನಲ್ಲ!"

"ಅದು ನನಗೂ ನೆನಪಿದೆ" ಎಂದಳು ದೇಕಬ್ಬೆ. ಆದರೂ ಏಳಲಿಲ್ಲ.

ಮಂಜುಗಣ್ಣನು ಗೊಣಗುತ್ತ ಕಾಲನ್ನು ಬಿಸಿನೀರಿಗೆ ಇಳಿಸಿದನು. ಮುದುಡಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಹುಲಿಯು ಎದ್ದು ಬಂದು, ಇಬ್ಬರ ನಡುವೆಯೇ ಬಗ್ಗಿ ನೀರು ಕುಡಿದು, ಬಾಲ ಬೀಸುತ್ತ ಕಾಡಿಗೆ ಹೋಯಿತು. ದಾರಿ ತೆರೆಯಿತು. ಆದರೆ ನೀರಿನಲ್ಲಿದ್ದ ಕಾಲುಗಳು ಏಳಲೊಲ್ಲವು. "ಹೊರಡೋಣವೇ?" ಎಂದು ಅವಳು ಮೂರು ಸಲ ಕೇಳಬೇಕಾಯಿತು.

ಸೂರ್ಯನ ಅಂಚು ನೀರಿಗೆ ತಾಗುವಾಗ ಇಬ್ಬರೂ ದಡ ಮುಟ್ಟಿದರು.

"ಹೇಗಿತ್ತು, ಅಯ್ಯಾ?"

"ನೀರು, ಕಲ್ಲು, ಬಿಸಿನೀರು. ಯಾವುದೂ ನನ್ನನ್ನು ನಿಲ್ಲಿಸಲಿಲ್ಲ. ನೀನೇ ಹೇಳು ನೋಡೋಣ, ಅಷ್ಟೊಂದು ಹೊಗಳುವ ಆ ಶಿಖರದಿಂದ ನೀನು ಕಂಡದ್ದೇನು?"

ದೇಕಬ್ಬೆ ಆ ಶಿಖರವನ್ನು ನೆನೆದುಕೊಂಡಳು. ಹಿಮ ಹೊಳೆಯಿತೇ? ಹಂಸಗಳು ಹಾರಿದವೇ? ಕವಿಯಂತೆ ಬಣ್ಣಿಸಿದರೆ ಅವನ ಮನಸ್ಸು ಕರಗೀತು. ಆದರೆ ಬಣ್ಣಿಸಲು ಅವಳಲ್ಲಿ ಏನೂ ಇರಲಿಲ್ಲ. ಕಡೆಗೆ ಇದ್ದುದನ್ನೇ ಹೇಳಿದಳು: "ನಾನು ಏನೂ ಕಾಣಲಿಲ್ಲ, ಅಯ್ಯಾ. ದಿನವಿಡೀ ನಿಮ್ಮ ಪಾದಗಳನ್ನು ನೋಡಿದೆ, ಅಷ್ಟೆ."

ಮಾಯಾವಿ ಬೆರಗಾದನು. "ನನ್ನ ಪಾದಗಳನ್ನೇ? ದಿನವಿಡೀ?"

"ಹೌದು. ನಿಮ್ಮ ಬಲಗಾಲಿನ ಕಿರುಬೆರಳು ಸೊಟ್ಟಗಿದೆ. ಇಳಿಜಾರಿನಲ್ಲಿ ಅದು ನೋಯುತ್ತದೆ, ಆದರೆ ನೀವು ಹೇಳುವುದಿಲ್ಲ. ಇರುವೆಯ ಸಾಲು ಬಂದಾಗ ದಾಟಿ ಹೆಜ್ಜೆಯಿಟ್ಟಿರಿ, ತುಳಿಯಲಿಲ್ಲ."

ಮಂಜುಗಣ್ಣನು ಬಂಡೆಯ ಮೇಲೆ ಕುಳಿತನು. ಕಲ್ಲನ್ನು ಕೋಣ ಮಾಡಿದಾಗ ಜನರು ಕೋಣವನ್ನು ನೋಡಿದ್ದರು. ಅವನನ್ನು ಯಾರೂ ನೋಡಿರಲಿಲ್ಲ. "ಮತ್ತೆ?" ಎಂದನು ಮೆಲ್ಲನೆ. "ಮತ್ತೇನು ಕಂಡೆ?"

"ನೀರಿನಿಂದ ಕಾಲು ತೆಗೆಯದೆ ಸರೋವರ ದಾಟಿದಿರಿ. ಬುಗ್ಗೆಯಲ್ಲಿ ನಿಮ್ಮ ಬೆರಳುಗಳು ಎಳೆಗೂಸಿನ ಬೆರಳಿನಂತೆ ಬಿಚ್ಚಿಕೊಂಡವು. ಶಿಖರದಲ್ಲಿ ಹಿಮ್ಮಡಿ ಎತ್ತಿ ನಿಂತಿರಿ. ಜಾರಿದರೆ ಪಾತಾಳ. ನನ್ನ ಅಂಗೈ ಬೆವರಿತು, ಹಗ್ಗ ಬಿಗಿ ಹಿಡಿದೆ. ಏನು ಕಂಡಿತೆಂದು ಅಷ್ಟು ಹೊತ್ತು ನಿಂತಿರೋ, ಅದು ನನಗೆ ತಿಳಿಯದು. ಅದನ್ನು ಕಂಡವರು ನೀವು."

ಮಾಯಾವಿ ಹಂಸಶೃಂಗದ ಕಡೆಗೆ ತಲೆಯೆತ್ತಿದನು.

"ಸರೋವರವು," ಎಂದನು ಅವನು, "ಮೇಲಿನಿಂದ ನೋಡಿದರೆ... ಒಂದು ಕಣ್ಣಿನಂತಿತ್ತು. ತೆರೆದು ನನ್ನನ್ನೇ ನೋಡುತ್ತಿತ್ತು. ಕಾಲು ಕೀಳಲಾಗಲಿಲ್ಲ, ಮಗಳೇ. ನಿಂತುಬಿಟ್ಟೆ."

ಮಾತು ಬಾಯಿಂದ ಜಾರಿದುದೇ ತಡ, ಮಂತ್ರದಂಡವು ಚಿಗುರಿ ಒಂದು ಎಳೆಯ ದೇವದಾರುವಾಯಿತು. ಅವನ ಕಣ್ಣಿನ ಮಂಜು ಕೆನ್ನೆಯ ಮೇಲೆ ನೀರಾಗಿ ಇಳಿಯಿತು. ಅವನು ಸಂಜೆಯ ಸರೋವರವನ್ನು ನೋಡಿ ಬಾಯ್ತುಂಬ "ಆಹಾ!" ಎಂದನು. ದಡದ ಮೇಲೆ ಮೂವರು ದಳಪತಿಗಳು ಎತ್ತಿದ ಕೈಯನ್ನು ಇಳಿಸಿ, ನೋಯುವ ತೋಳನ್ನು ನೀವಿಕೊಂಡರು.

ನಡುನೀರಿನಲ್ಲಿ ಕಲ್ಲಿನ ಹರಿಗೋಲು ಮೆಲ್ಲನೆ ಅಲುಗಿತು. ನೀರುಕಾಗೆ ಗಾಬರಿಯಿಂದ ಹಾರಿತು. ಹರಿಗೋಲಿನೊಳಗಿನ ದಪ್ಪ ಹೆಂಗಸೊಬ್ಬಳು ವರ್ಷದ ಹಿಂದೆ ಅರ್ಧಕ್ಕೆ ನಿಂತಿದ್ದ ತನ್ನ ಮಾತನ್ನು ಅಲ್ಲಿಂದಲೇ ಮುಂದುವರಿಸಿದಳು: "...ಅಂತೀರಲ್ಲ ಮಾಚಯ್ಯನವರೇ, ಆದರೆ ಬುತ್ತಿ ಬಿಚ್ಚುವುದು ಯಾವಾಗ?"

"ಇನ್ನೇನು ದಡ ಬಂದಿತು, ತಾಯಿ," ಎಂದನು ಮಾಚಯ್ಯ. ನಡುಹಗಲಿದ್ದದ್ದು ಇದ್ದಕ್ಕಿದ್ದಂತೆ ಸಂಜೆಯಾದುದನ್ನು ಕಂಡು ಅವನು ಹುಬ್ಬೇರಿಸಿದನು. ಬಳಿಕ ದಡದಲ್ಲಿ ಮಂಡಿಯುದ್ದ ನೀರಿಗಿಳಿದು, ಅಳುತ್ತ ನಗುತ್ತ ಓಡಿಬರುತ್ತಿದ್ದ ಮಗಳನ್ನು ಕಂಡನು. "ಏನಮ್ಮ ದೇಕಿ, ಬೆಳಗ್ಗೆ ತಾನೇ ನೋಡಿದ್ದೆಯಲ್ಲ! ಯಾಕೆ ಹೀಗೆ?"

ಅವಳು ಏನನ್ನೂ ಹೇಳಲಾರದೆ ಹರಿಗೋಲಿನ ಅಂಚನ್ನು ಎರಡು ಕೈಯಲ್ಲೂ ಹಿಡಿದು ದಡಕ್ಕೆ ಎಳೆದಳು.

ಕಲ್ಲಿನೊಳಗಿದ್ದ ಬುತ್ತಿ ಕಟ್ಟಿದಂತೆಯೇ ಹಸನಾಗಿತ್ತು. ಮೊಸರನ್ನ, ಮಿಡಿ ಉಪ್ಪಿನಕಾಯಿ, ಎಳ್ಳುಂಡೆ. ದಳಪತಿಗಳು ವರ್ಷದ ಹಸಿವಿನವರು; ಸಂಕೋಚಪಡಲಿಲ್ಲ. ದೂರದಲ್ಲಿ ಒಬ್ಬನೇ ಕುಳಿತಿದ್ದ ಮುದುಕನನ್ನು ಆ ದಪ್ಪ ಹೆಂಗಸು ಕೈಬೀಸಿ ಕರೆದಳು: "ನೀವು ಯಾರೋ ತಿಳಿಯದು, ಅಣ್ಣಾ. ಎಲೆ ಹಿಡಿಯಿರಿ. ಇಷ್ಟು ಚೆಲುವಾದ ಜಾಗದಲ್ಲಿ ಬರಿಹೊಟ್ಟೆಯಲ್ಲಿ ಇರಬಾರದು."

ಮಂಜುಗಣ್ಣನು ದೇಕಬ್ಬೆಯ ಕಡೆ ಅಂಜುತ್ತ ನೋಡಿದನು. ಅವಳು ಅಪ್ಪನ ತೋಳಿಗೆ ಒರಗಿ ಕುಳಿತಿದ್ದಳು. ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಅವನು ಬಂದು ಕುಳಿತನು. ಎಲ್ಲರೂ ಉಂಡರು. ಆ ನಾಡಿನಲ್ಲಿ ಆಮೇಲೆ ಹಿಮ ಕಾಲಕಾಲಕ್ಕೆ ಬಿದ್ದಿತು, ಕಾಲಕಾಲಕ್ಕೆ ಕರಗಿತು; ಜನರು ಸುಖವಾಗಿ ಬಾಳಿದರು, ಅದನ್ನು ಹೇಳಿದ ನಾಲಗೆಗೂ ಕೇಳಿದ ಕಿವಿಗೂ ತಂಪಾಯಿತು.