ಹೊರಗಿನ ಗಡಿಗೆ

೧೯೫೧ರ ಜುಲೈ ೧೦, ಮಂಗಳವಾರ ಸಂಜೆ. ಸಿರುಗುಪ್ಪ ಠಾಣೆಗೆ ಸಾಹುಕಾರ ಎರ್ರಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ನಡುವೆ ಹೈಸ್ಕೂಲಿನ ಜವಾನ ರಂಗಣ್ಣ, ಹೆಗಲ ಮೇಲಿನ ವಸ್ತ್ರ ಜಾರಿದ್ದರ ಅರಿವೂ ಇಲ್ಲದೆ ನಿಂತಿದ್ದ. ಅವನ ಮಗಳು ವಿರೂಪಮ್ಮ ಅಂದು ಬೆಳಿಗ್ಗೆ ಶಾಲೆಯಲ್ಲಿ ನೀರು ಕುಡಿದು, ಬಡಬಡಿಸುತ್ತ, ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಉಮ್ಮತ್ತಿ ಬೀಜದ ವಿಷ ಎಂದಿದ್ದರು ಡಾಕ್ಟರು.

“ಬರಕೊಳ್ರಿ ಸಾಹೇಬ್ರ,” ಎಂದ ಎರ್ರಣ್ಣ. “ಕೇರಿ ಹುಡುಗಿ ಜೋಗಮ್ಮ ತನ್ನ ಗಡಿಗಿ ನೀರು ಕೊಟ್ಟು ಕೊಂದಾಳ. ಅಂಥೋರ್ನ ಸಾಲಿಗೆ ಸೇರಿಸಬ್ಯಾಡ್ರಿ ಅಂತ ಬಡಕೊಂಡ್ವಿ.”

ಇನ್‌ಸ್ಪೆಕ್ಟರ್ ಹಂಪಯ್ಯ ಎಫ್‌ಐಆರ್ ಬರೆದರು. ರಂಗಣ್ಣ ಹೆಬ್ಬೆಟ್ಟು ಒತ್ತಿದ.

ಹರಿಜನ ಕೇರಿಯ ಮಕ್ಕಳು ಆ ಹೈಸ್ಕೂಲು ಸೇರಿದ್ದು ಆ ವರ್ಷವೇ ಮೊದಲು. ಬಂದ ಮೂವರಲ್ಲಿ ಇಬ್ಬರು ಬಿಟ್ಟಿದ್ದರು, ಉಳಿದವಳು ಜೋಗಮ್ಮ. ಬೇರೆ ಮಕ್ಕಳ ಬೊಗಸೆಗೆ ರಂಗಣ್ಣ ನೀರು ಹಾಕುತ್ತಿದ್ದ. ಅವಳಿಗೆ ಬೇವಿನ ಮರದಡಿ ಬೇರೆ ಗಡಿಗೆ.

ಮರುದಿನ ಬೆಳಿಗ್ಗೆ ಪಂಚನಾಮೆ. ಪಂಚರು ಮಾರು ದೂರ ನಿಂತರು. ಯಾರೂ ಮುಟ್ಟದ್ದರಿಂದ ಗಡಿಗೆ ಇದ್ದ ಹಾಗೇ ಇತ್ತು. ಹಂಪಯ್ಯ ಕುಕ್ಕರಗಾಲಲ್ಲಿ ಕುಳಿತರು. ಗಡಿಗೆಯ ಕಂಠದ ಮೇಲೆ, ಸುತ್ತಲ ಕಲ್ಲಿನ ಮೇಲೆ, ಅರೆದ ಬೀಜದ ಹನಿಗಳು ಸಿಡಿದು ಒಣಗಿದ್ದವು.

“ಗಡಿಗಿ ಮುಟ್ಟದಂಗ ಎದಿ ಎತ್ತರದಿಂದ ಸುರುವ್ಯಾರ ಸಾರ್,” ಎಂದ ಕಾನ್‌ಸ್ಟೇಬಲ್ ದುರುಗಣ್ಣ.

“ತನ್ನ ಗಡಿಗಿ ಮುಟ್ಟಾಕ ಜೋಗಮ್ಮ ಯಾಕ ಅಂಜ್ತಾಳ?”

“ಖರೇ ಐತ್ರಿ. ಇವ ಯಾವನೋ ವಿಷ ಹಾಕಾಕ ಅಂಜಲಿಲ್ಲ, ಮೈಲಿಗಿಗೆ ಅಂಜ್ಯಾನ.”

ಜೋಗಮ್ಮನನ್ನು ರಾತ್ರಿಯಿಂದ ಠಾಣೆಯ ಜಗಲಿಯಲ್ಲಿ ಕೂರಿಸಿದ್ದರು. ಅವಳ ತುಟಿ ಒಣಗಿದ್ದು ಕಂಡು ದುರುಗಣ್ಣ ತನ್ನ ಚೊಂಬನ್ನೇ ಕೈಗಿತ್ತ. ಹುಡುಗಿ ಅವನ ಮುಖ ನೋಡಿ, ಆಮೇಲೆ ಕುಡಿದಳು.

“ವಿರೂಪಮ್ಮ ನಿನ್ನ ಗಡಿಗಿ ನೀರು ಯಾಕ ಕುಡದ್ಲು?” ಹಂಪಯ್ಯ ಕೇಳಿದರು.

“ದಿನಾ ಕದ್ದು ಕುಡೀತಿದ್ಲುರಿ. ಅವರಪ್ಪ ಸಾಹುಕಾರ್ರ ಮಕ್ಕಳಿಗೆ ಮೊದ್ಲು ಹಾಕ್ತಿದ್ದ. ಈಕಿ ಪಾಳಿ ಬರಾದ್ರಾಗ ಗಂಟಿ ಹೊಡೀತಿತ್ತು.”

“ನೀ ಕುಡೀಲಿಲ್ಲ?”

“ಆಕಿ ಗಟಗಟ ಕುಡದು ಮಾರಿ ಕಿವುಚಿದ್ಲುರಿ. ‘ಕಹಿ ಐತಿ, ನೀ ಕುಡೀಬ್ಯಾಡಲೇ’ ಅಂತ ತಂಬಿಗಿ ಕಸಕೊಂಡ್ಲು.”

ಜೋಗಮ್ಮ ಗಡಿಗೆ ತುಂಬಿದ್ದು ಸೋಮವಾರ ಸಂಜೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಶಾಲೆಯ ಗೇಟಿನ ಬೀಗ ತೆಗೆಯುವವನು ರಂಗಣ್ಣನೊಬ್ಬನೇ. ಅವನ ಕೋಣೆಯ ಹಿಂದೆ, ಕಸದಡಿಯಲ್ಲಿ, ಅದೇ ಬೀಜದ ಕಿಟ್ಟ ಮೆತ್ತಿದ ತೆಂಗಿನ ಚಿಪ್ಪು ಸಿಕ್ಕಿತು.

ರಂಗಣ್ಣ ಮಗಳನ್ನು ಮಣ್ಣು ಮಾಡಿ ಬರುವತನಕ ಹಂಪಯ್ಯ ಕಾದರು. ಆಮೇಲೆ ಚಿಪ್ಪನ್ನು ಅವನ ಮುಂದಿಟ್ಟರು.

“ಜೀವ ತಗೀಬೇಕಂತ ಇರಲಿಲ್ರಿ,” ಎಂದ ರಂಗಣ್ಣ. “ಒಂದೀಟು ತಲಿ ತಿರುಗಿದ್ರ ಜೋಗಮ್ಮನೂ ಸಾಲಿ ಬಿಡ್ತಾಳ ಅಂದ್ಕೊಂಡೆ.”

“ಆಕಿ ನಿನಗೇನು ಮಾಡಿದ್ಲು?”

“ಏನಿಲ್ರಿ. ಆಕಿ ಇದ್ರ ತಮ್ಮ ಮಕ್ಕಳನ್ನ ಬಳ್ಳಾರಿಗೆ ಹಾಕ್ತೀವಿ ಅಂದ್ರು ಎರ್ರಣ್ಣ ಸಾಹುಕಾರ್ರು. ಮಕ್ಕಳು ಕಡಿಮಿ ಆದ್ರ ಸಾಲಿ ಮುಚ್ತೈತಿ ಅಂದ್ರು. ಮುಚ್ಚಿದ್ರ ನನ್ನ ಮಗಳು ಎಲ್ಲಿ ಓದಬೇಕಿತ್ರಿ?”

ಅವನನ್ನು ದಸ್ತಗಿರಿ ಮಾಡಿ, ಜೋಗಮ್ಮನನ್ನು ಮನೆಗೆ ಕಳಿಸಿದರು. ಎರ್ರಣ್ಣನ ಮೇಲೆ ಹಾಕಲು ಯಾವ ಸೆಕ್ಷನ್ನೂ ಸಿಗಲಿಲ್ಲ.

ಲಾಕಪ್ಪಿನಲ್ಲಿ ರಂಗಣ್ಣ ನೀರು ಕೇಳಿ, ಬೊಗಸೆ ಒಡ್ಡಿದ. ದುರುಗಣ್ಣ ಸುರಿಯಲಿಲ್ಲ, ಚೊಂಬನ್ನೇ ಸರಳಿನೊಳಗೆ ಚಾಚಿದ.

“ಮುಂಜಾನಿ ಜೋಗಮ್ಮನೂ ಇದರಾಗ ಕುಡದಾಳ,” ಎಂದ, ಮೆಲ್ಲಗೆ.

ರಂಗಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಹಳ ಹೊತ್ತಿನ ಮೇಲೆ ತುಟಿಗೆ ಹಚ್ಚಿದ.