ಗೋಡೆ ಅಳೆಯಲು ಬಂದವರು

ಡೆಟ್ಲೆಫ್ ಹೋಗುವಾಗ ಅಡುಗೆಮನೆಯನ್ನೂ ತೆಗೆದುಕೊಂಡು ಹೋದ.

ತಮಾಷೆಗೆ ಹೇಳುತ್ತಿಲ್ಲ. ನಮ್ಮ ಜರ್ಮನಿಯ ಕಡೆ ಅದೇನೂ ಹೊಸದಲ್ಲ. ಮನೆ ಬಿಡುವವರು ಒಲೆ, ಸಿಂಕು, ಕಪಾಟು, ಅಡುಗೆಕಟ್ಟೆ ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರುತ್ತಾರೆ. ಹದಿನಾಲ್ಕು ವರ್ಷ ಜೊತೆಗಿದ್ದ ಗಂಡಸು, ಕೊಂಡವನು ತಾನೇ ಎಂದು ಚಮಚಗಳ ಟ್ರೇಯನ್ನೂ ಬಿಡಲಿಲ್ಲ. ಗೋಡೆಯಲ್ಲಿ ಎರಡು ಪೈಪುಗಳು ಮಾತ್ರ ಮೂತಿ ಚಾಚಿಕೊಂಡು ಉಳಿದವು.

ಆಮೇಲೆ ಒಟ್ಟು ಎಂಟು ತಿಂಗಳು ನಾನು ಬಚ್ಚಲಮನೆಯಲ್ಲಿ, ವಾಷಿಂಗ್ ಮಷೀನಿನ ಮೇಲೆ ಕರೆಂಟ್ ಒಲೆಯಿಟ್ಟು ಬೇಯಿಸಿಕೊಂಡು ತಿಂದೆ. ಮಷೀನು ಬಟ್ಟೆ ಹಿಂಡುವಾಗ ಪಾತ್ರೆಯೊಳಗೆ ಆಲೂಗಡ್ಡೆ ಕುಣಿಯುತ್ತಿತ್ತು. ಬ್ರೆಮೆನ್ನಿನ ನಾಲ್ಕನೇ ನಂಬರ್ ಟ್ರಾಮ್ ಓಡಿಸುವವಳು ನಾನು. ಬೆಳಗಿನ ಪಾಳಿ ಮುಗಿಸಿ ಬಂದಾಗ ಬೆನ್ನು ಹಲಗೆಯಾಗಿರುತ್ತದೆ. ಕಪಾಟಿಗೆ ಯಾವ ಬಣ್ಣ ಎಂದು ಯೋಚಿಸುವ ಚೈತನ್ಯ ಆಗ ಯಾರಿಗಿರುತ್ತದೆ?

ನನ್ನ ತಂಗಿ ಇಮ್ಕೆಗೆ ಇದನ್ನು ನೋಡಿ ನೋಡಿ ತಡೆಯಲಾಗಲಿಲ್ಲ.

"ನೋಡೇ ಫ್ರೌಕೆ, ಎಲ್ಲಾ ಫೋನಲ್ಲೇ ಆಗೋಗತ್ತೆ. ಫೋಟೋ ಹಾಕು, ಅಳತೆ ಹಾಕು, ಮೂರು ದಿನದಲ್ಲಿ ಡಿಸೈನ್ ಬರತ್ತೆ. ನಮ್ಮ ಆಫೀಸಲ್ಲಿ ಅರ್ಧ ಜನ ಆ ಕಂಪನೀಲೇ ಮಾಡಿಸಿರೋದು."

ತೆರೆದು ನೋಡಿದೆ. ತೆರೆದ ಕೂಡಲೇ ಮೆಸೇಜ್ ಬಂತು. "ಹಾಯ್ ಫ್ರೌಕೆ! ನಾನು ಲೀಝಾ, ನಿನ್ನ ಡಿಸೈನರ್. ನಿನ್ನ ಕನಸಿನ ಅಡುಗೆಮನೆ ನಿನಗೋಸ್ಕರ ಕಾಯ್ತಾ ಇದೆ!"

ಫೋನನ್ನು ಕವುಚಿಟ್ಟೆ. ಮುಖ ಕಂಡಿಲ್ಲ, ಕೈ ಕುಲುಕಿಲ್ಲ, ಒಂದೇ ಏಟಿಗೆ 'ನೀನು'! ನಮ್ಮಲ್ಲಿ 'ನೀನು' ಎನ್ನುವುದನ್ನು ಒಬ್ಬರು ಕೊಡಬೇಕು, ಇನ್ನೊಬ್ಬರು ಪಡೆಯಬೇಕು. ವಯಸ್ಸಿನಲ್ಲಿ ದೊಡ್ಡವರು ಮೊದಲು ಬಾಯಿ ಬಿಡಬೇಕು, ಕೈ ಚಾಚಿ, ಮನೆತನದ ಹೆಸರು ಬಿಟ್ಟು ತಮ್ಮ ಹೆಸರು ಹೇಳಬೇಕು. ಕೆಳಗಿನ ಮಹಡಿಯ ಅಜ್ಜಿ ನನಗೆ ಅದನ್ನು ಕೊಟ್ಟದ್ದು ಒಂಬತ್ತು ವರ್ಷದ ಮೇಲೆ.

ಆ ಸಿಟ್ಟಿನಲ್ಲೇ ಬೇಕರಿಯ ಬಾಗಿಲಿಗೆ ಅಂಟಿಸಿದ್ದ ಒಂದು ಚೀಟಿಯ ನಂಬರಿಗೆ ಫೋನ್ ಮಾಡಿದೆ. 'ಒನ್ನೊ ಹಾರ್ಮ್ಸ್, ಒಳಾಂಗಣ ವಿನ್ಯಾಸ. ಮನೆಗೆ ಬಂದು ಅಳೆಯುತ್ತೇನೆ.' ಅಷ್ಟೇ ಇತ್ತು ಅದರಲ್ಲಿ.

ಅವರು ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ ಮೂರಕ್ಕೆ. ತಲೆಗೂದಲು ಪೂರ್ತಿ ಬೆಳ್ಳಗೆ. ಬಾಗಿಲಲ್ಲೇ ಬೂಟು ಬಿಚ್ಚಿದರು. ಎಡಗಾಲಿನ ಸಾಕ್ಸಿನಿಂದ ಹೆಬ್ಬೆರಳು ಇಣುಕುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. ಬಲಗಾಲನ್ನು ಮೆಲ್ಲಗೆ ಅದರ ಮೇಲಿಟ್ಟುಕೊಂಡು ಕೊಕ್ಕರೆಯ ಹಾಗೆ ನಿಂತರು.

"ಹಾರ್ಮ್ಸ್."

"ಟೀಟ್ಯೆನ್," ಎಂದು ನಾನೂ ಮನೆತನದ ಹೆಸರು ಹೇಳಿದೆ. "ಬನ್ನಿ. ಅಡುಗೆಮನೆ ಇಲ್ಲಿದೆ. ಅಂದ್ರೆ, ಇತ್ತು."

ಅವರು ಎರಡು ಪೈಪುಗಳನ್ನು ತುಂಬಾ ಹೊತ್ತು ನೋಡಿದರು. "ನೀಟಾಗಿ ಬಿಚ್ಚಿದ್ದಾರೆ."

"ಬಿಚ್ಚಿಕೊಂಡು ಹೋಗೋದ್ರಲ್ಲಿ ಅವನದು ಎತ್ತಿದ ಕೈ."

ಅವರ ತುಟಿಯ ಒಂದು ತುದಿ ಮಾತ್ರ ನಕ್ಕಿತು. ಅಷ್ಟು ಚಿಕ್ಕ ನಗುವನ್ನು ನಾನು ಏಕೆ ಗಮನಿಸಿದೆನೋ ತಿಳಿಯದು.

ಯಾವ ಸ್ಟೈಲು, ಯಾವ ಬಣ್ಣ ಎಂದು ಅವರು ಕೇಳಲೇ ಇಲ್ಲ. "ಕೆಲಸದಿಂದ ಬಂದ ಕೂಡ್ಲೇ ಮೊದ್ಲು ಏನು ಮಾಡ್ತೀರಿ?" ಎಂದರು.

"ಗೋಡೆಗೆ ಒರಗಿ ನಿಂತ್ಕೋತೀನಿ. ಕೂತ್ರೆ ಮತ್ತೆ ಏಳಕ್ಕಾಗಲ್ಲ."

"ಯಾವ ಗೋಡೆ?"

ಕಿಟಕಿಯ ಪಕ್ಕದ ಗೋಡೆ ತೋರಿಸಿದೆ. ಅಲ್ಲಿ ನನ್ನ ಬೆನ್ನು ತಗುಲಿ ತಗುಲಿ ಸುಣ್ಣ ಮಾಸಿತ್ತು. ಅವರು ಪೆನ್ಸಿಲಿನಿಂದ ಹಾಳೆಯ ಮೇಲೆ ಒಂದು ಚೌಕ ಬರೆದು, "ಇಲ್ಲಿ ಏನೂ ಬೇಡ. ಇದು ನೀವು ನಿಂತ್ಕೊಳ್ಳೋ ಜಾಗ," ಎಂದರು. ಆಮೇಲೆ ನನ್ನ ಮೊಣಕೈ ಮಡಚಲು ಹೇಳಿ ನೆಲದಿಂದ ಅಲ್ಲಿಯವರೆಗೆ ಟೇಪು ಹಿಡಿದರು. ತೋಳಿಗೆ ಬೆರಳು ತಾಗದ ಹಾಗೆ ಎಷ್ಟು ಜೋಪಾನ ಮಾಡಿದರೆಂದರೆ, ತಾಗಿದ್ದರೇ ವಾಸಿಯಿತ್ತು. "ಅಡುಗೆಕಟ್ಟೆ ತೊಂಬತ್ತೈದು ಸೆಂಟಿಮೀಟರ್ ಇರ್ಲಿ. ಹಳೇದು ತಗ್ಗಾಗಿತ್ತು ಅನ್ಸತ್ತೆ. ಬಗ್ಗಿ ಬಗ್ಗಿ ನಿಮ್ಮ ಬೆನ್ನು ಹೋಗಿದೆ."

ಹದಿನಾಲ್ಕು ವರ್ಷ ಆ ಕಟ್ಟೆಯ ಮುಂದೆ ಬಗ್ಗಿದ್ದೆ. ಅದು ತಗ್ಗು ಎಂದು ನನಗೂ ಹೊಳೆದಿರಲಿಲ್ಲ, ಡೆಟ್ಲೆಫನಿಗಂತೂ ಬಿಡಿ.

ಬಚ್ಚಲಮನೆಯಿಂದ ಟೀ ಕಾಯಿಸಿ ತಂದೆ. ಅವರು ಪೂರ್ವ ಫ್ರೀಸ್‌ಲ್ಯಾಂಡಿನವರು. ಅಲ್ಲಿಯವರು ನೀರಿಲ್ಲದೆ ಇದ್ದಾರು, ಟೀ ಇಲ್ಲದೆ ಇರಲಾರರು. ಜೇಬಿನಿಂದಲೇ ಕಲ್ಲುಸಕ್ಕರೆಯ ಪೊಟ್ಟಣ ತೆಗೆದು ಎರಡೂ ಕಪ್ಪಿಗೆ ಒಂದೊಂದು ಹರಳು ಹಾಕಿದರು. ಬಿಸಿ ಟೀ ಬಿದ್ದಾಗ ಅದು ಚಿಟ್ ಎಂದು ಬಿರಿಯಿತು. ಕುಡಿದರು, ಖಾಲಿಯಾಯಿತು, ಹಾಕಿದೆ. ಮತ್ತೆ ಕುಡಿದರು. ಏಳು ಕಪ್ಪು! ಈ ಮನುಷ್ಯನ ಹೊಟ್ಟೆಯೋ ಬಾವಿಯೋ ಎಂದುಕೊಂಡೆ.

ಮುಂದಿನ ಮಂಗಳವಾರ ಮತ್ತೆ ಬಂದರು. ಅದರ ಮುಂದಿನದಕ್ಕೂ. ಒಮ್ಮೆ ಮರದ ತುಂಡುಗಳನ್ನು ತೋರಿಸಲು, ಒಮ್ಮೆ ಕಿಟಕಿಯ ಬೆಳಕು ನೋಡಲು. ನಾಲ್ಕನೆಯ ಸಲ ಅದೇ ಗೋಡೆಗೆ ಟೇಪು ಹಿಡಿದಾಗ ಕೇಳಿಯೇಬಿಟ್ಟೆ.

"ಹಾರ್ಮ್ಸ್ ಅವರೇ, ಆ ಗೋಡೆ ಏನು ಬೆಳೀತಾ ಇದ್ಯಾ?"

"ಹಳೇ ಮನೆ, ಟೀಟ್ಯೆನ್ ಅವರೇ. ಚಳೀಲೊಂದು ಅಳತೆ, ಬಿಸಿಲಲ್ಲೊಂದು ಅಳತೆ." ಅವರ ಕಿವಿ ಕೆಂಪಾಗಿತ್ತು.

"ಮತ್ತೆ ಏಳು ಕಪ್ ಟೀ? ಅದೂ ಅಳತೇನಾ?"

ಅವರು ಕಪ್ಪನ್ನು ತಿರುಗಿಸುತ್ತ ಕೂತರು. "ನಮ್ಮೂರಲ್ಲಿ ಸಾಕು ಅಂತ ಬಾಯಲ್ಲಿ ಹೇಳಬಾರ್ದು. ಕಪ್ಪೊಳಗೆ ಚಮಚ ಇಡಬೇಕು. ಇಡೋವರ್ಗೂ ಮನೆಯವರು ಹಾಕ್ತಾನೇ ಇರ್ತಾರೆ." ಕಪ್ಪನ್ನು ಕೆಳಗಿಟ್ಟು ಹೇಳಿದರು, "ನಿಮ್ಮನೇಲಿ ಚಮಚ ಇಲ್ಲ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಡೆಟ್ಲೆಫ್ ಹೋದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಮಾರನೆಯ ದಿನ ಅಂಗಡಿಯಲ್ಲಿ ಚಮಚಗಳ ಮುಂದೆ ಬಹಳ ಹೊತ್ತು ನಿಂತು, ಕೊಳ್ಳದೆ ಬಂದೆ.

ಆದರೂ 'ನೀವು' ಹೋಗಲಿಲ್ಲ. ಅವರ ಬಿಳಿ ತಲೆ ನೋಡಿ ನನಗಿಂತ ಎಂಟು ಹತ್ತು ವರ್ಷ ದೊಡ್ಡವರೆಂದುಕೊಂಡಿದ್ದೆ. 'ನೀನು' ಕೊಡಬೇಕಾದವರು ಅವರು. ಕೊಡಲಿಲ್ಲ. ಬೇಡವೆಂದೇ ಇರಬೇಕು, ಗಿರಾಕಿ ಗಿರಾಕಿಯಾಗಿಯೇ ಇರಲಿ ಎಂದಿರಬೇಕು. ಪ್ರತಿ ಮಂಗಳವಾರ ಅವರು ಬೂಟು ಹಾಕಿಕೊಳ್ಳುವವರೆಗೂ ಕಾಯುತ್ತಿದ್ದೆ. "ಬರ್ತೀನಿ, ಟೀಟ್ಯೆನ್ ಅವರೇ," ಎಂದು ಹೊರಟುಬಿಡುತ್ತಿದ್ದರು.

ಹೀಗೆ ಐದು ತಿಂಗಳು. ಇಮ್ಕೆ ಸಿಡಿದೆದ್ದಳು.

"ಆ ಮನುಷ್ಯ ಅಡುಗೆಮನೆ ಮಾಡ್ತಿದ್ದಾನೋ, ಕೆಥೆಡ್ರಲ್ ಕಟ್ತಿದ್ದಾನೋ? ಕಂಪನಿ ಆಫರ್ ಭಾನುವಾರಕ್ಕೆ ಮುಗಿಯತ್ತೆ. ಈಗ್ಲೇ ತೀರ್ಮಾನ ಮಾಡು. ಬಚ್ಚಲಲ್ಲಿ ಆಲೂಗಡ್ಡೆ ಬೇಯಿಸ್ಕೊಂಡು ಮುದುಕಿ ಆಗ್ತೀಯಾ?"

ಅವಳಿಗೆ ಹೇಳಲಾಗದ್ದು ಇಷ್ಟು. ಕೆಲಸ ಕಂಪನಿಗೆ ಕೊಟ್ಟರೆ ಹಾರ್ಮ್ಸ್ ಬರುವುದು ನಾಳೆಯೇ ನಿಲ್ಲುತ್ತದೆ. ಅವರಿಗೇ ಕೊಟ್ಟರೆ ಕೆಲಸ ಮುಗಿದ ದಿನ ನಿಲ್ಲುತ್ತದೆ. ಹೇಗೆ ಮಾಡಿದರೂ ನನ್ನ ಮಂಗಳವಾರ ಹೋಗುತ್ತದೆ. ದಣಿದ ತಲೆಗೆ ಇದಕ್ಕಿಂತ ಮುಂದೆ ದಾರಿ ಕಾಣಲಿಲ್ಲ. ಬೇಡ ಎನ್ನಲಿ ಎಂಬ ಆಸೆಯಿಂದ, ಇಮ್ಕೆ ಹಾಕಿಸಿದ ಫೋಟೋ ನೋಡಿ ಲೀಝಾ ಫೋನಿಗೆ ಕಳಿಸಿದ ಚಿತ್ರವನ್ನು ಅವರಿಗೇ ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. "ಚೆನ್ನಾಗಿದೆ."

"ಚೆನ್ನಾಗಿದ್ಯಾ?"

"ಸುಳ್ಳು ಯಾಕೆ ಹೇಳ್ಲಿ. ಕಪಾಟು ಗಟ್ಟಿ ಇರತ್ತೆ, ಬೇಗ ಬರತ್ತೆ, ಕಮ್ಮೀಲಿ ಆಗತ್ತೆ. ನನ್ನ ಹತ್ರ ಆದ್ರೆ ಬಡಗಿ ಸಿಗೋಕೇ ಇನ್ನೂ ಮೂರು ತಿಂಗಳು. ಅಲ್ಲೇ ಮಾಡಿಸಿ, ಟೀಟ್ಯೆನ್ ಅವರೇ."

ತಮ್ಮ ನಕ್ಷೆಯನ್ನು ಮಡಚಿ ನನ್ನ ಮುಂದಿಟ್ಟರು. "ಅಳತೆ ಮಾತ್ರ ಇದನ್ನೇ ಹಾಕಿ. ಇದು ನಿಮ್ಮ ಮೈಗೆ ಅಳೆದಿದ್ದು."

ಒಂದೇ ಕಪ್ಪು ಟೀ ಕುಡಿದಿದ್ದರು. ನಾನು ಇನ್ನೊಂದು ಹಾಕಲು ಕೆಟಲ್ ಎತ್ತಿದೆ. ಅವರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಕಪ್ಪಿನೊಳಗೆ ಇಟ್ಟರು. ಚಮಚವಿಲ್ಲದ ಮನೆಯಲ್ಲಿ ಸಾಕು ಎನ್ನಲು ಅವರಿಗೂ ದಾರಿ ಸಿಕ್ಕಿತ್ತು.

ಅವರು ಹೋದ ಮೇಲೆ ನನ್ನ ಗೋಡೆಗೆ ಒರಗಿ ನಿಂತು ಅತ್ತೆ. ಡೆಟ್ಲೆಫ್ ಹೋದಾಗ ಇಷ್ಟು ಅತ್ತಿರಲಿಲ್ಲ. ಅವನು ಇದ್ದದ್ದನ್ನು ಕಿತ್ತುಕೊಂಡು ಹೋದ; ಇವರು ಇನ್ನೂ ಬಾರದೇ ಇದ್ದದ್ದನ್ನು.

ಶನಿವಾರ ನಕ್ಷೆ ಬಿಡಿಸಿಕೊಂಡು ಕಂಪನಿಯ ಫಾರಂ ತುಂಬಿದೆ. ಕಟ್ಟೆಗೆ ತೊಂಬತ್ತೈದು. ನಾನು ನಿಲ್ಲುವ ಗೋಡೆಯ ಅಗಲಕ್ಕೆ ಅವರು ಮೊದಲು ಐವತ್ತು ಎಂದು ಬರೆದು, ರಬ್ಬರಿನಿಂದ ಉಜ್ಜಿ, ನೂರು ಎಂದು ತಿದ್ದಿದ್ದರು. ನೂರು ಎಂದೇ ಹಾಕಿದೆ. ಲೀಝಾ ಬಿಡಲಿಲ್ಲ.

"ಫ್ರೌಕೆ, ಇಲ್ಲಿ ಪೂರ್ತಿ ಒಂದು ಮೀಟರ್ ಗೋಡೆ ವೇಸ್ಟ್ ಆಗ್ತಿದೆ! ಎತ್ತರದ ಕಪಾಟು ಹಾಕ್ಲಾ?"

"ಬೇಡ. ಅಲ್ಲಿ ನಾನು ನಿಂತ್ಕೋತೀನಿ."

ಲೀಝಾ ಒಂದು ನಗುವ ಮುಖ ಕಳಿಸಿದಳು. ಪಾಪ, ದಿನಕ್ಕೆ ಎಷ್ಟು ಫ್ರೌಕೆಯರಿಗೆ ಕಳಿಸಬೇಕೋ ಅವಳು. ಅವಳ ಬೆನ್ನೂ ಹಲಗೆಯಾಗಿರಬಹುದು.

ಮೂರು ವಾರಕ್ಕೆ ಅಡುಗೆಮನೆ ಬಂತು. ಇಬ್ಬರು ಒಂದೇ ದಿನದಲ್ಲಿ ಜೋಡಿಸಿ ಹೋದರು. ಒಂದು ಕೂದಲೂ ಆಚೀಚೆಯಿಲ್ಲ, ಎಲ್ಲ ಸರಿಯಾಗಿ ಕೂತಿತ್ತು. ಹೊಸ ಕಟ್ಟೆಯ ಮುಂದೆ ಈರುಳ್ಳಿ ಹೆಚ್ಚಲು ನಿಂತೆ. ಬಗ್ಗಬೇಕಾಗಲಿಲ್ಲ. ಬೆನ್ನು ನೋಯಲಿಲ್ಲ. ಈರುಳ್ಳಿ ಹೆಚ್ಚಿ ಮುಗಿದರೂ ಕಣ್ಣೀರು ನಿಲ್ಲಲಿಲ್ಲ. ಕೈ ತೊಳೆದು ಫೋನ್ ಮಾಡಿದೆ.

"ಹಾರ್ಮ್ಸ್ ಅವರೇ, ಅಡುಗೆಮನೆ ಬಂತು. ಅಳತೆ ಸರಿ ಇದ್ಯಾ ನೋಡ್ಬೇಕಿತ್ತು."

"ನನ್ನ ಅಳತೆ ಸರಿ ಇರತ್ತೆ."

"ಹಂಗಾದ್ರೆ ಸುಮ್ನೆ ಟೀಗೆ ಬನ್ನಿ."

ಆ ಕಡೆ ಪೆನ್ಸಿಲ್ ಕೆಳಗೆ ಬಿದ್ದ ಸದ್ದು. ಆಮೇಲೆ, "ಮಂಗಳವಾರ?"

"ಮಂಗಳವಾರ."

ಹೊಸ ಸಾಕ್ಸು ಹಾಕಿಕೊಂಡು ಬಂದಿದ್ದರು. ಕಟ್ಟೆಯ ಮೇಲೆ ಅಂಗೈ ಆಡಿಸಿದರು, ಕಪಾಟಿನ ಬಾಗಿಲು ತೆಗೆದು ಹಾಕಿದರು, "ಒಳ್ಳೇ ಕೆಲಸ," ಎಂದರು. ನನಗೆ ಸುತ್ತಿಬಳಸಿ ಮಾತಾಡುವ ಶಕ್ತಿ ಉಳಿದಿರಲಿಲ್ಲ.

"ಅವತ್ತು ನನ್ನನ್ನ ಕಂಪನಿಗೆ ಯಾಕೆ ದಾಟಿಸಿದ್ರಿ?"

ಅವರು ಕಿಟಕಿಯ ಕಡೆ ನೋಡಿದರು. "ನಿಮ್ಮನೆ ಅಳತೆ ಎರಡನೇ ವಾರಕ್ಕೇ ಮುಗ್ದಿತ್ತು. ನಾನೇ ಮುಗಿಸ್ತಾ ಇರಲಿಲ್ಲ. ಒಬ್ಬರನ್ನ ಬಚ್ಚಲಲ್ಲಿ ಅಡುಗೆ ಮಾಡಿಸ್ಕೊಂಡು, ಅವರ ಟೀ ಕುಡಿಯೋಕೆ ಗೋಡೆ ಅಳೀತಾ ಇದ್ದೀನಲ್ಲಾ ಅಂತ ನಾಚಿಕೆ ಆಯ್ತು."

"ಗೋಡೆ ಬೆಳೀತಿದೆ ಅಂದ್ರಿ."

"ಗೋಡೆ ಬೆಳೀತಿರಲಿಲ್ಲ, ಟೀಟ್ಯೆನ್ ಅವರೇ."

"ಮತ್ತೆ ಒಂದು ಮಾತು ಆಡ್ಬಹುದಿತ್ತಲ್ಲ? ಐದು ತಿಂಗಳು ಬರೀ ನೀವು, ನೀವು, ನೀವು!"

"ನಾನು ಹೇಗೆ ಆಡ್ಲಿ? ದೊಡ್ಡವರು ನೀವು, ಕಿಟಕೀಲಿದ್ದ ಹುಟ್ಟುಹಬ್ಬದ ಕಾರ್ಡಲ್ಲೇ ವಯಸ್ಸು ನೋಡಿದ್ದೆ. ನೀವು ಕೊಡ್ತೀರೇನೋ ಅಂತ ಕಾದೆ."

"ನಾನು ದೊಡ್ಡವಳಾ? ನಿಮಗೆಷ್ಟು ವಯಸ್ಸು?"

"ನಲವತ್ನಾಲ್ಕು."

ನಾನು ಅವರ ತಲೆ ನೋಡಿದೆ. ಅವರು ಬಿಳಿಗೂದಲಿಗೆ ಕೈ ಹಾಕಿ, ತಪ್ಪು ಮಾಡಿದವರ ಹಾಗೆ, "ಇದು ನಮ್ಮಪ್ಪನ ಕಡೆಯಿಂದ ಬಂದಿದ್ದು. ಇಪ್ಪತ್ತೆಂಟಕ್ಕೇ ಹಿಂಗಾಯ್ತು," ಎಂದರು.

ನನಗೆ ನಲವತ್ತೇಳು. ಅಂದರೆ ಐದು ತಿಂಗಳಿಂದ ಬಾಯಿ ಬಿಡಬೇಕಾಗಿದ್ದವಳು ನಾನೇ! ನಗಬೇಕೆನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಹೋಗಿ ನನ್ನ ಗೋಡೆಗೆ ಒರಗಿದೆ. ಕಟ್ಟೆಯ ಮೇಲೆ ಟೀ ಇತ್ತು. ಅವರು ಒಂದು ಕಪ್ಪು ಮುಗಿಸಿ, ಎಲ್ಲಿ ನೋಡುವುದೆಂದು ತಿಳಿಯದೆ, ಡ್ರಾಯರಿನ ಕಡೆ ಕೈ ಚಾಚಿದರು. ಹೊಸ ಚಮಚಗಳು ಅದರಲ್ಲಿದ್ದವು.

"ಮುಟ್ಬೇಡ," ಎಂದೆ.

ಕೈ ಅಲ್ಲೇ ನಿಂತಿತು. "ಏನಂದ್ರಿ?"

ಗೋಡೆ ಬಿಡದೆಯೇ, ಪದ್ಧತಿಯ ಪ್ರಕಾರ ಬಲಗೈ ಚಾಚಿದೆ. "ಫ್ರೌಕೆ."

"ಒನ್ನೊ," ಎಂದು ಅವನು ನನ್ನ ಕೈ ಹಿಡಿದ. ಕುಲುಕಿ ಬಿಡಬೇಕಾದ ಕೈಯನ್ನು ಬಿಡಲಿಲ್ಲ. ಹಾಗೇ ಬಂದು ನನ್ನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತ. ಭುಜಕ್ಕೆ ಭುಜ ತಾಗಿತು. ಇಬ್ಬರಿಗೂ ಸರಿಯಾಗಿ ಜಾಗವಿತ್ತು. ಈ ಬದಿ ಕಪಾಟೂ ಒತ್ತಲಿಲ್ಲ, ಆ ಬದಿ ಕಿಟಕಿಯೂ ಒತ್ತಲಿಲ್ಲ.

ಆಗ ರಬ್ಬರಿನಿಂದ ಉಜ್ಜಿದ ಆ ಐವತ್ತು ನೆನಪಾಯಿತು.

"ಒನ್ನೊ, ಒಬ್ಬಳು ನಿಲ್ಲೋಕೆ ನೂರು ಯಾಕೆ ಬರೆದೆ?"

ಅವನ ಕಿವಿ ಮತ್ತೆ ಕೆಂಪಾಯಿತು.

"ಮೊದಲ್ನೇ ಮಂಗಳವಾರ ಐವತ್ತು ಅಂತಾನೇ ಬರ್ದಿದ್ದೆ," ಎಂದ. "ಎರಡ್ನೇ ಮಂಗಳವಾರ ತಿದ್ದಿದ್ದು."