ಬೆಳ್ಳಿ ಗಿಡುಗನ ಮೇಲೆ ದೂರು

"ಗಿಡುಗನಂತೆ ಗಿಡುಗ! ಫಾರಂ ಕೋಳಿ ಮೇಡಂ ಅವನು. ಹಿಂದಿನಿಂದ ಬಂದು ಹೊಡೆದ."

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ. ಇಸ್ತಪಲಾಪ ಬಡಾವಣೆಯ ಗುಡ್ಡದ ಪೊಲೀಸ್ ಠಾಣೆಯಲ್ಲಿ ಜನ ತುಂಬಿದ್ದರು. ನೀರಿನ ಟ್ಯಾಂಕರ್ ಚಾಲಕ ಎವಾರಿಸ್ತೋ ಮುರಿದ ಮುಂಗೈ ಎತ್ತಿ ಎಲ್ಲರಿಗೂ ತೋರಿಸಿದ.

ಬೆಂಚಿನ ಮೇಲೆ ಬೆಳ್ಳಿ ಮುಖವಾಡ, ಕೆಂಪು ಮೇಲುಹೊದಿಕೆಯಲ್ಲಿ ಕಾಸ್ತುಲೋ ಕೂತಿದ್ದ. ವರ್ಷಗಟ್ಟಲೆ ಇದೇ ವೇಷದಲ್ಲಿ ಕಚೇರಿಗಳ ಬಾಗಿಲಲ್ಲಿ ನಿಂತು ಬಡಾವಣೆಗೆ ನೀರು, ದೀಪ ತಂದ ಬೆಳ್ಳಿ ಗಿಡುಗ ಅವನೇ. ಯಾರ ಮೇಲೂ ಕೈ ಮಾಡಿದವನಲ್ಲ. ಆ ಮುಖವಾಡ ಕಳಚಲು ಯಾವ ಪೇದೆಗೂ ಮನಸ್ಸಿರಲಿಲ್ಲ.

"ನಾನೇ ಹೊಡೆದದ್ದು. ಬರ್ಕೊಳ್ಳಿ," ಎಂದ.

ಇನ್ಸ್‌ಪೆಕ್ಟರ್ ಎರೆಂದಿರಾ ಗೋಡೆಗೊರಗಿ ನಿಂತಿದ್ದ ಅವನ ಮಗನ ಕಡೆ ತಿರುಗಿದಳು. ಅಮಿಲ್ಕಾರ್, ಹತ್ತೊಂಬತ್ತು ವರ್ಷ. ಮೆರವಣಿಗೆಗಳಲ್ಲಿ ತನ್ನದೇ ಮುಖವಾಡ ಹಾಕಿ ಅಪ್ಪನ ಪಕ್ಕ ನಡೆಯುವ ಮರಿ ಗಿಡುಗ.

"ನೀನೆಲ್ಲಿದ್ದೆ?"

"ಅವನನ್ನೇನು ಕೇಳ್ತೀರಿ?" ಕಾಸ್ತುಲೋ ನಡುವೆ ಬಾಯಿ ಹಾಕಿದ. "ಇಲಿ ಕಂಡ್ರೆ ಮಂಚ ಹತ್ತೋನು. ಅವನಿಗೆ ವೇಷ ಹಾಕಿಸಿದ್ದೇ ದಂಡ."

ಪೇದೆಗಳು ನಕ್ಕರು.

ಹನ್ನೊಂದೂವರೆಗೆ, ಅಂದು ಬೆಳಿಗ್ಗೆ ಹೊಡೆತ ಬಿದ್ದ ಬೀದಿಯಲ್ಲಿ ಸ್ಥಳ ಪಂಚನಾಮೆ. ಹಿಂದಿನ ದಿನ ಅದೇ ಬೀದಿಯಲ್ಲಿ ಎವಾರಿಸ್ತೋ ಕೊಳವೆ ಬಿಚ್ಚಿ ನೀರನ್ನೆಲ್ಲ ಚರಂಡಿಗೆ ಹರಿಸಿದ್ದ. ಬೀದಿಯವರು ಅವನ ಧಣಿಯ ಚುನಾವಣಾ ಸಭೆಗೆ ಹೋಗಿರಲಿಲ್ಲ, ಅದಕ್ಕೆ. ಹೆಂಗಸರು ಖಾಲಿ ಬಕೆಟ್ ಹಿಡಿದು ನೋಡುತ್ತ ನಿಂತಿದ್ದರು. ಆ ಅಪರಾಧಕ್ಕೆ ಯಾವ ಎಫ್‌ಐಆರ್ ಕೂಡ ಇಲ್ಲ.

ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಮಾರುವ ಎರ್ಮಿಲಾ ಹಬೆಯ ಪಾತ್ರೆಯ ಮುಚ್ಚಳ ಬಡಿದು ಸಾಕ್ಷಿ ಹೇಳಿದಳು. "ನಮ್ಮ ಗಿಡುಗ ಏನ್ ಬಾರಿಸಿದ ಅಂತೀರಾ! ಈ ಬಡ್ಡಿಮಗ ಮುಖವಾಡಕ್ಕೆ ಕೈ ಹಾಕಿದ, ಲಾಡಿ ಬಿಚ್ಚೋಯ್ತು. ಗಿಡುಗ ಎರಡೂ ಕೈ ತಲೆ ಹಿಂದಕ್ಕೆ ಹಾಕಿ ಚಕಚಕ ಕಟ್ಕೊಂಡು ಮತ್ತೆ ಬಾರಿಸಿದ!"

"ಎರಡೂ ಕೈ?"

"ಹೂಂ ಮೇಡಂ, ಕಣ್ಣಾರೆ ಕಂಡೆ."

ಎರೆಂದಿರಾ ಠಾಣೆಗೆ ಮರಳಿ ತಂದೆ ಮಗನನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿಸಿದಳು.

"ಲಾಡಿ ಬಿಚ್ಚಿ ಮತ್ತೆ ಕಟ್ಕೊಳ್ಳಿ. ಮುಖ ನಾನು ನೋಡಲ್ಲ."

ಕಾಸ್ತುಲೋ ಎಡಗೈಯಿಂದ ಲಾಡಿ ಎಳೆದ. ಬಿಚ್ಚಿತು. ಕಟ್ಟಲು ಬಲಗೈ ಎತ್ತಿದ. ಅದು ಭುಜದ ಮಟ್ಟಕ್ಕೆ ಬಂದು ನಿಂತಿತು. ಬೀದಿದೀಪ ಸರಿ ಮಾಡಲು ಹೋಗಿ ಕಂಬದಿಂದ ಬಿದ್ದಾಗಿನಿಂದ ಅದು ಅಷ್ಟೇ. ಹಲ್ಲು ಕಚ್ಚಿ ಮತ್ತೆ ಎತ್ತಿದ. ಕುತ್ತಿಗೆಯಲ್ಲಿ ಬೆವರಿಳಿಯಿತು.

ಅಮಿಲ್ಕಾರನ ಕೈಗಳು ತಾವಾಗಿಯೇ ಮುಂದೆ ಬಂದು ಲಾಡಿ ಹಿಡಿದವು.

"ಬಿಡೋ ಕೈ!" ಅಪ್ಪ ಗದರಿದ.

ಮಗ ಬಿಗಿಯಾಗಿ ಗಂಟು ಹಾಕಿದ. "ಸಾಕು ಬಿಡಪ್ಪಾ. ಬರ್ಕೊಳ್ಳಿ ಮೇಡಂ, ಹೊಡೆದೋನು ನಾನು."

ಒಂದು ಗಂಟೆ ಹತ್ತು ನಿಮಿಷಕ್ಕೆ ಬಂಧನ. ಕಾರಣದ ಜಾಗದಲ್ಲಿ ಎರೆಂದಿರಾ ಹುಡುಗ ಹೇಳಿದ್ದನ್ನೇ ಬರೆದಳು: ನಿನ್ನೆ ನೀರು ಚೆಲ್ಲಿದ ಚಾಲಕ ಅದನ್ನು ನಿನ್ನ ಮೇಲುಹೊದಿಕೆಯಿಂದ ಒರೆಸೆಂದು ಆರೋಪಿಯ ತಂದೆಗೆ ಹೇಳಿದ. ತಂದೆ ಬೀದಿಯವರೆಲ್ಲರ ಎದುರು ಮಂಡಿಯೂರಿ ಒರೆಸಿದರು, ನಾಳೆಯಾದರೂ ಟ್ಯಾಂಕರ್ ಬರಲಿ ಎಂದು.

ಪೇದೆ ಕೈಕೋಳ ಹಾಕಿದ. ಹೊರಗೆ, ಠಾಣೆಯವರೆಗೂ ಬಂದಿದ್ದ ಎರ್ಮಿಲಾ ಯಾರಿಗೋ ಇನ್ನೂ ಗಿಡುಗನ ಏಟನ್ನೇ ಬಣ್ಣಿಸುತ್ತಿದ್ದಳು.

"ಲೋ," ಕಾಸ್ತುಲೋನ ದನಿ ಒಡೆಯಿತು. "ನಿಂದೇ ಮುಖವಾಡ ಇತ್ತಲ್ಲೋ. ನಂದ್ಯಾಕೆ ಹಾಕ್ಕೊಂಡು ಹೋದೆ?"

ಅಮಿಲ್ಕಾರ್ ಎರ್ಮಿಲಾಳ ದನಿ ಬರುತ್ತಿದ್ದ ಕಡೆಗೆ ಕೋಳದ ಕೈ ತೋರಿಸಿ, ತಿರುಗಿ ನೋಡದೆ ಲಾಕಪ್ಪಿನ ಕಡೆ ನಡೆದುಹೋದ.